ಹುಣಸೆಹಣ್ಣು ತಿಕ್ಕಿದ ಕೈ

ಬೆಂದ ರೇಷ್ಮೆಗೂಡಿನ ಆ ವಾಸನೆ, ಬಿಸಿನೀರು ಬಿದ್ದ ಕೂಡಲೇ, ಸತ್ತ ಚಿಕ್ಕವ್ವನ ಕೈಯಿಂದ ಎದ್ದು ಬಂತು. ಅರಿಸಿನ ಹಚ್ಚುತ್ತಿದ್ದ ಲತಾಮಣಿ ಆ ಕೈ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಎಳವೆಯಿಂದ ಮೂಗಿನಲ್ಲಿ ಉಳಿದಿದ್ದ ವಾಸನೆ ಅದು.

ಚಿಕ್ಕವ್ವ ಚಿಕ್ಕಲಕ್ಷ್ಮಮ್ಮ, ಲತಾಮಣಿಯ ಹೆತ್ತವ್ವನ ತಂಗಿ, ಕಳೆದ ತಿಂಗಳವರೆಗೂ ಚನ್ನಪಟ್ಟಣದ ಈ ಮನೆಯ ಹಿತ್ತಲಲ್ಲೇ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದವಳು. ಕುದಿನೀರಿಗೆ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

“ನಮ್ಮವ್ವನ ಕೈಯೂ ಹಿಂಗೇ ಇತ್ತು ಕಣಕ್ಕ. ಇದೇ ವಾಸ್ನೆ,” ಎಂದಳು ಲತಾಮಣಿ.

ನೀರು ಹುಯ್ಯುತ್ತಿದ್ದವಳು ಪಕ್ಕದ ಮನೆಯ ಚನ್ನಬಸಮ್ಮ. ಪ್ರಾಯದಿಂದಲೂ ಚಿಕ್ಕವ್ವನ ಜೊತೆ ಒಂದೇ ಒಲೆಯ ಮುಂದೆ ಕೂತು ದುಡಿದವಳು. ಅವಳ ಕೈಯ ಚೊಂಬು ಒಂದು ಗಳಿಗೆ ನಿಂತಿತು. ಮತ್ತೆ ಹುಯ್ದಳು.

*

ಹೆತ್ತವ್ವನದೆಂದು ಲತಾಮಣಿಗೆ ಇದ್ದದ್ದು ಅದೊಂದೇ ನೆನಪು. ಫೋಟೋ ಕೂಡ ಇರಲಿಲ್ಲ.

ಸಂಜೆಯ ಹೊತ್ತು. ಹೊಸ್ತಿಲ ಮೇಲೆ ಕೂತು ಮಗು ಹಸಿವಿಗೆ ಅಳುತ್ತಿದೆ. ಅವ್ವ ಓಡಿ ಬಂದು ಮುದ್ದೆ ಮುರಿದು, ಸಾರಿಗೆ ಅದ್ದಿ ಬಾಯಿಗೆ ಹಿಡಿಯುತ್ತಾಳೆ. ಮಗು ‘ವಾಸ್ನೆ’ ಎಂದು ಮುಖ ತಿರುಗಿಸುತ್ತದೆ. ಅವ್ವ ಬೈಯುವುದಿಲ್ಲ. ಹಿತ್ತಲಿಗೆ ಹೋಗಿ ಹುಣಸೆಹಣ್ಣು ತಿಕ್ಕಿ ಕೈ ತೊಳೆದು ಬಂದು, ಮತ್ತೆ ತುತ್ತು ಹಿಡಿಯುತ್ತಾಳೆ. ಮುಖ ಮಾತ್ರ ಯಾವತ್ತೂ ಕಾಣದು.

ಕನಕಪುರದ ಗಂಡನ ಮನೆಯಿಂದ ಬಂದಾಗಲೆಲ್ಲ ಲತಾಮಣಿ ಇದನ್ನು ಚಿಕ್ಕವ್ವನಿಗೆ ಹೇಳುತ್ತಿದ್ದಳು. ಚಿಕ್ಕವ್ವ ಮೊದಲ ಸಲ ಕೇಳುವವಳಂತೆ ಕೇಳಿ, “ಅವತ್ತು ನಿಮ್ಮವ್ವ ಹಸ್ರು ಸೀರೆ ಉಟ್ಟಿದ್ಲು,” ಎನ್ನುತ್ತಿದ್ದಳು. ಬರಬರುತ್ತ ಆ ಹಸಿರು ಸೀರೆಯೂ ಲತಾಮಣಿಯ ಕಣ್ಣಿಗೆ ಕಾಣತೊಡಗಿತ್ತು.

*

ಮಣ್ಣು ಮಾಡಿ ಬಂದು, ಹೆಣ ಮಲಗಿಸಿದ್ದ ಜಾಗದಲ್ಲಿಟ್ಟ ದೀಪ ನೋಡಿ, ಎಲ್ಲರೂ ಜಗಲಿಯಲ್ಲಿ ಕೂತರು. “ನಮ್ಮತ್ತೆ ಮಾರ್ಕೆಟ್ಟಲ್ಲಿ ಒಂದು ಗೂಡು ಕಿವಿ ಹತ್ರ ಅಲ್ಲಾಡ್ಸುದ್ರೆ ಸಾಕು, ಸದ್ದಲ್ಲೇ ಮಾಲು ಅಳೀತಿದ್ರು, ಬ್ರೋಕರ್‌ಗಳು ಬಾಯಿ ಮುಚ್ಕತಿದ್ರು ಕಣ್ಲಾ,” ಎಂದ ಲತಾಮಣಿಯ ಗಂಡ ನಟರಾಜು. ಅತ್ತು ಸುಸ್ತಾದವರೂ ನಕ್ಕರು. ಚಿಕ್ಕವ್ವನ ಗಂಡ ಮರಿಯಪ್ಪ ಮಾತ್ರ ಕಂಬಕ್ಕೊರಗಿ ಕೂತಿದ್ದ. ಬೆಳಗಿನಿಂದ ಬಾಯಿಗೆ ನೀರೂ ಮುಟ್ಟಿಸಿರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಚನ್ನಬಸಮ್ಮ ತನ್ನ ಮನೆಯಿಂದ ಮುದ್ದೆ, ಸಾರು ತಂದು ಹಿತ್ತಲ ಬಾಗಿಲಲ್ಲಿ ಇಳಿಸಿದಳು. ಲತಾಮಣಿ ಅಲ್ಲಿಗೇ ಹೋದಳು.

“ಬೆಳಗ್ಗೆ ನಮ್ಮವ್ವನ ಕೈ ಅಂದಾಗ ಯಾಕಕ್ಕ ನೀರು ನಿಲ್ಲಿಸ್ದೆ?”

ಚನ್ನಬಸಮ್ಮ ಸೆರಗಿನ ತುದಿ ಸುತ್ತಿದಳು. “ನಿಮ್ಮವ್ವ ಮರಳವಾಡೀಲಿ ಹೊಲ ಗೇದೋಳು ಕಣವ್ವ. ಒಂದಿನಾನೂ ಗೂಡು ಬೇಯಿಸ್ದೋಳಲ್ಲ. ನಿಂಗೆ ಹಲ್ಲು ಮೂಡೋಕ್ ಮುಂಚೆನೇ ಹೋಗ್ಬುಟ್ಲು. ಸ್ಕೂಲಿಗೆ ಹಾಕೋಗಂಟ ಇದೇ ಮನೇಲಿ ನಿಂಗೆ ಮುದ್ದೆ ತಿನ್ನಿಸ್ದೋಳು ನಿಮ್ಮ ಚಿಕ್ಕವ್ವಾನೇಯ.”

ಚಿಕ್ಕವಳಿದ್ದಾಗ ಅವ್ವ ಹೋದಳೆಂದು ಹೇಳಿದ್ದರು. ಎಷ್ಟು ಚಿಕ್ಕವಳೆಂದು ಯಾರೂ ಹೇಳಿರಲಿಲ್ಲ. ಲತಾಮಣಿ ಒಗೆಯುವ ಕಲ್ಲಿನ ಮೇಲೆ ಕೂತಳು. ಒಂದೇ ದಿನ ಇಬ್ಬರನ್ನು ಕಳಕೊಂಡ ಹಾಗಾಯಿತು.

“ಮತ್ಯಾಕೆ ಚಿಕ್ಕವ್ವ ಹೇಳ್ಲಿಲ್ಲ?”

“ನಾನೂ ಕೇಳ್ದೆ. ‘ನಾನಾದ್ರೆ ಅವಳ ಕಣ್ಮುಂದೆ ಇವ್ನಿ ಬಸಮ್ಮ. ಅಕ್ಕಂಗೆ ಇರಾಕೆ ಆ ನೆಪ್ಪೊಂದೇ ಜಾಗ. ಇರ್ಲಿ ಬುಡು’ ಅಂದ್ಲು.”

ಕಲ್ಲಿನ ಪಕ್ಕ ತೆಂಗಿನ ಚಿಪ್ಪಿನಲ್ಲಿ ಹುಣಸೆಹಣ್ಣಿನ ಉಂಡೆಯಿತ್ತು. ಒಣಗಿದ ಅದರ ಮೈಮೇಲೆ ಚಿಕ್ಕವ್ವನ ಬೆರಳುಗಳು ಒತ್ತಿದ ಗುಳಿ. ಲತಾಮಣಿ ಆ ಗುಳಿಯಲ್ಲೇ ಬೆರಳಿಟ್ಟು ಒಂದಿಷ್ಟು ಕಿತ್ತುಕೊಂಡಳು. ನೀರು ಮುಟ್ಟಿಸಿ, ಎರಡೂ ಅಂಗೈಗೆ ನಿಧಾನವಾಗಿ ತಿಕ್ಕಿ ತೊಳೆದಳು.

ಆಮೇಲೆ ತಟ್ಟೆಗೆ ಮುದ್ದೆಯಿಟ್ಟು, ಸಾರು ಬಿಟ್ಟು, ಕಂಬದ ಹತ್ತಿರ ಹೋಗಿ, ಚಿಕ್ಕಪ್ಪನ ಕೈಗೆ ಕೊಟ್ಟಳು.