ಆಸೀಫನ ಜೂನ್ ಒಂದು

ಜಪಾನಿನ ಶಾಲೆಯವರು ನನ್ನ ಮೊಮ್ಮಗಳು ಮಾಹಿರಾಳಿಗೆ ಕೇಳಿದ್ದು ಒಟ್ಟು ನಲವತ್ತೊಂದು ಪ್ರಶ್ನೆ. ನಲವತ್ತಕ್ಕೆ ಅವಳೇ ಉತ್ತರ ಬರೆದಳು. ಒಂದನೇ ತರಗತಿಗೆ ಯಾವ ತಾರೀಖಿಗೆ ಸೇರಿದಿ, ಡಿಗ್ರಿ ಮುಗಿಸಿ ಒಂದು ವರ್ಷ ಏನು ಮಾಡಿದಿ, ಇಷ್ಟು ದೇಶ ಇರುವಾಗ ನಮ್ಮ ದೇಶವೇ ಯಾಕೆ ಬೇಕು, ಎಲ್ಲವನ್ನೂ ಕೇಳಿದ್ದರು. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ನಲವತ್ತೊಂದನೆಯ ಪ್ರಶ್ನೆ ಮಾತ್ರ ನಮ್ಮ ಮನೆಯನ್ನು ಹತ್ತು ದಿನ ಕುದಿಸಿತು.

ನಾವು ಇರುವುದು ಸಿಂಧನೂರಿನಲ್ಲಿ. ನನ್ನ ಮಗ ದಾದೇಸಾಬ ಭತ್ತ ನಾಟಿ ಮಾಡುವ ಯಂತ್ರಗಳ ರಿಪೇರಿ ಮಾಡುತ್ತಾನೆ. ಹಂಗಾಮು ಬಂತೆಂದರೆ ಊರ ಹೊರಗಿನ ಆರ್.ಎಚ್. ಕ್ಯಾಂಪ್ ಹಳ್ಳಿಗಳ ಗದ್ದೆಗಳಲ್ಲೇ ಅವನ ಊಟ, ಅಲ್ಲೇ ನಿದ್ದೆ. ಆ ಯಂತ್ರಗಳ ಜೊತೆ ಬರುವ ಪುಸ್ತಕದಲ್ಲಿ ಜಪಾನಿ ಅಕ್ಷರ ಇರುತ್ತವೆ. ಮಾಹಿರಾ ಚಿಕ್ಕವಳಿದ್ದಾಗ ಅವನ್ನು ನೋಡಿ ನೋಡಿ ರಂಗೋಲಿ ತೆಗೆದಂತೆ ತೆಗೆಯುತ್ತಿದ್ದಳು. ಡಿಗ್ರಿ ಮುಗಿದ ಮೇಲೆ ಮೊಬೈಲಿನಲ್ಲಿ ಆ ಭಾಷೆ ಕಲಿತು ಪರೀಕ್ಷೆಯನ್ನೂ ಪಾಸು ಮಾಡಿದಳು. ಮೊದಲು ಅಲ್ಲಿ ಭಾಷೆಯ ಶಾಲೆ, ಆಮೇಲೆ ಬೇಸಾಯದ ಯಂತ್ರಗಳ ಓದು ಎಂದು ಲೆಕ್ಕ ಹಾಕಿಕೊಂಡಿದ್ದಳು. ಏಪ್ರಿಲ್‌ನಲ್ಲಿ ಸೇರಬೇಕೆಂದರೆ ನವೆಂಬರ್ ಇಪ್ಪತ್ತರೊಳಗೆ ಕಾಗದಗಳೆಲ್ಲ ಅವರ ಕೈಯಲ್ಲಿರಬೇಕು. ತಪ್ಪಿದರೆ ಆ ಸೀಟು ಬೇರೆಯವರಿಗೆ.

ಹತ್ತನೇ ತಾರೀಖಿಗೆ, ಶಾಲೆಗೆ ಕಾಗದ ಕಳಿಸಿಕೊಡುವ ಬೆಂಗಳೂರಿನ ಏಜೆಂಟ್ ಫೋನ್ ಮಾಡಿದ. ಮಾಹಿರಾ ಸ್ಪೀಕರ್ ಹಾಕಿದಳು.

"ಮನೆಯವರ ಪಟ್ಟಿಯಲ್ಲಿ ನಿಮ್ಮ ಜನ್ಮದಿನಾಂಕ ಜನವರಿ ಒಂಬತ್ತು, 2004 ಅಂತಿದೆ. ನಿಮ್ಮ ತಮ್ಮ ಆಸೀಫ್ ಅವರದು ಜೂನ್ ಒಂದು, ಅದೇ 2004. ಒಬ್ಬ ತಾಯಿಗೆ ಐದು ತಿಂಗಳಲ್ಲಿ ಎರಡು ಹೆರಿಗೆ ಹೇಗಾಯ್ತು ಅಂತ ಶಾಲೆಯವರು ಕೇಳ್ತಿದ್ದಾರೆ, ಮೇಡಮ್."

ಇಷ್ಟು ವರ್ಷ ಎರಡೂ ಕಾಗದ ಒಂದೇ ಟ್ರಂಕಿನಲ್ಲಿದ್ದವು. ಯಾರೂ ಜೋಡಿಸಿ ನೋಡಿರಲಿಲ್ಲ. ನೋಡಲು ಜಪಾನಿನವರೇ ಬೇಕಾಯಿತು.

ಏಜೆಂಟ್ ದನಿ ಇಳಿಸಿ ಹೇಳಿದ, "ನಿಮ್ಮ ತಂದೆಯವರಿಗೆ ಇಬ್ಬರು ಹೆಂಡತಿಯರಾ? ಹಾಗಿದ್ದರೆ ಹಾಗೇ ಬರೆದುಬಿಡೋಣ. ತೊಂದರೆ ಇಲ್ಲ."

ನನ್ನ ಸೊಸೆ ವಸೀಮಾ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಏನಪಾ ಏಜೆಂಟ್! ಈ ಮನುಷ್ಯಾಗ ಒಬ್ಬಾಕಿನ್ನ ಸಂಭಾಳ್ಸಾಕ ಬರವಲ್ದು, ಎರಡನೇದಾಕಿನ್ನ ಎಲ್ಲಿಂದ ತರ್ತಾನ? ಆಸೀಫನ್ನ ಹಡದಾಕಿ ನಾನು. ಯಾರಿಗಿ ಬರಕೊಡ್ತಿ ನನ್ನ ಮಗನ್ನ?"

"ಹಾಗಾದ್ರೆ ಪಟ್ಟಿಯಿಂದ ತಮ್ಮನ ಹೆಸರು ತೆಗೆದುಬಿಡಿ," ಎಂದ ಅವನು.

ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಆಸೀಫ್ ಒಂದು ಕಾಲಲ್ಲಿ ಹಾಗೇ ನಿಂತ. ಅವನು ಪೊಲೀಸ್ ಪರೀಕ್ಷೆಗೆಂದು ದಿನಾ ಮೈದಾನದಲ್ಲಿ ಓಡುತ್ತಾನೆ. "ಆಹಾ, ಅಕ್ಕ ಜಪಾನಿಗಿ ಹೋಗಾಕ ನಾ ಹುಟ್ಟೇ ಇಲ್ಲಂತ ಬರಿಬೇಕು! ರೇಷನ್ ಕಾರ್ಡನ್ಯಾಗ ಅದೀನಿ, ಅದನ್ನೂ ಕಳಸೀರಿ. ಅಲ್ಲಿಂದ ಹ್ಯಾಂಗ ಅಳಸ್ತೀರಿ?"

"ಯಾರೂ ಅಳಸಂಗಿಲ್ಲ, ಸುಮ್ಕಿರಲೇ," ಎಂದಳು ಮಾಹಿರಾ. ಫೋನಿಗೆ, "ಸರ್, ಸುಳ್ಳು ಬರಿಯಂಗಿಲ್ಲ. ಎರಡು ದಿನ ಟೈಮ್ ಕೊಡ್ರಿ," ಎಂದಳು.

ಎರಡು ದಿನ ಏಳು ದಿನವಾಯಿತು. ದಾದೇಸಾಬ ವಕೀಲರನ್ನು ಕೇಳಿ ಬಂದ. ಆಸೀಫನ ತಾರೀಖು ತಿದ್ದಿಸಲು ಕೋರ್ಟಿಗೆ ಹೋಗಬೇಕು, ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಹುಡುಗನ ಪೊಲೀಸ್ ಅರ್ಜಿಯೂ ಸಿಕ್ಕಿಬೀಳುತ್ತದೆ ಎಂದರಂತೆ. ಮನೆಗೆ ಬಂದವರೆಲ್ಲ ಒಂದೊಂದು ಉಪಾಯ ಹೇಳಿದರು. ಅವಳಿ ಅಂತ ಬರೆಯಿರಿ ಎಂದವರೂ ಇದ್ದರು. ಐದು ತಿಂಗಳ ಅಂತರದ ಅವಳಿ!

ನಾನು ಮೂಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದೆ. "ದಾದೂ, ಅದು ಏನಾತಂದ್ರ..." ಎಂದು ಬಾಯಿ ತೆರೆದೆ.

"ಅಮ್ಮಾ, ನೀ ಸುಮ್ಕಿರು. ಇದು ಪಾಸ್‌ಪೋರ್ಟಿನ ಮಾತು."

ಮರುದಿನ ಮತ್ತೆ ತೆರೆದೆ. "ಅತ್ತಿ, ಚಾ ಕುಡೀರಿ," ಎಂದು ವಸೀಮಾ ಕಪ್ಪು ಕೈಗಿಟ್ಟಳು. ಈ ಮನೆಯಲ್ಲಿ ನನ್ನ ಬಾಯಿ ಮುಚ್ಚಿಸಲು ಚಹಾ ಒಂದು ಒಳ್ಳೆಯ ಮುಚ್ಚಳ. ಸುಳ್ಳು ಯಾಕೆ ಹೇಳಲಿ, ಮೊದಲ ಎರಡು ದಿನ ಆ ಮುಚ್ಚಳ ನನಗೂ ಹಿತವಾಗಿತ್ತು. ಆಮೇಲೆ ಆಗಲಿಲ್ಲ. ಹುಡುಗಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುತ್ತಿದ್ದಳು, ಊಟದ ಹೊತ್ತಿಗೆ ತಟ್ಟೆಯಲ್ಲಿ ರೊಟ್ಟಿ ಹಾಗೇ ಬಿಡುತ್ತಿದ್ದಳು.

ಹದಿನೇಳಕ್ಕೆ ದಾದೇಸಾಬ ತೀರ್ಮಾನ ಮಾಡಿದ. "ಎಲ್ಲಾ ಹಳ್ಳಿ ಶಾಲಿ ಕರಿಬಸಯ್ಯ ಮಾಸ್ತರಂದು! ಆಸೀಫನ್ನ ಶಾಲಿಗಿ ಹಾಕಿದಾಗ ಮನಸಿಗಿ ಬಂದಂಗ ಜೂನ್ ಒಂದು ಅಂತ ಗೀಚ್ಯಾನ. ಅವನ ಕೈಲೇ ತಪ್ಪಾತಂತ ಬರಿಸ್ಕೊಂಡು ಬರ್ತೀನಿ."

"ನಾನೂ ಬರ್ತೀನಿ," ಎಂದೆ.

"ನೀ ಯಾಕ? ಬಸ್ಸಿನ್ಯಾಗ ಮೊಣಕಾಲು ಹಿಡಿತಾವ."

"ನನ್ನ ಮೊಣಕಾಲು. ನಾ ನೋಡ್ಕೊಂತೀನಿ."

ನಾನು, ಅವನು, ಮಾಹಿರಾ ಮೂವರೂ ಹೊರಟೆವು. ಮೊದಲು ಮಸ್ಕಿಯಲ್ಲಿ ಇಳಿದು ಆಟೋದಲ್ಲಿ ನಾವು ಹಿಂದೆ ಇದ್ದ ಹಳ್ಳಿಗೆ ಹೋಗಿ, ಮಕ್ಕಳು ಓದಿದ ಶಾಲೆಯ ದಾಖಲಾತಿ ಪುಸ್ತಕದ ಆ ಹಾಳೆಯ ನಕಲು ಪಡೆದೆವು. ದಾದೇಸಾಬ ಅದನ್ನು ನೋಡಲೂ ಇಲ್ಲ, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿದ. ನಾನು ಕಿಸೆಯನ್ನೇ ನೋಡುತ್ತ ಲಿಂಗಸುಗೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನು ಯಾರಿಗೋ ಫೋನಿನಲ್ಲಿ ನಾಟಿ ಯಂತ್ರದ ಚೈನು ಬಿಗಿಯುವುದನ್ನು ಹೇಳಿಕೊಡುತ್ತಿದ್ದ. ಎರಡು ಸಲ ಅವನ ತೋಳು ಜಗ್ಗಿದೆ. ಎರಡು ಸಲವೂ ಕೈ ಎತ್ತಿ ತಡೆದ.

ಕರಿಬಸಯ್ಯ ಮಾಸ್ತರರು ನಿವೃತ್ತರಾಗಿ ಲಿಂಗಸುಗೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಹಗಲು ಮಕ್ಕಳಿಗೆ ಕಲಿಸಿ, ಸಂಜೆ ದೀಪ ಹಚ್ಚಿದ ಮೇಲೆ ಅದೇ ಶಾಲೆಯಲ್ಲಿ ನಮ್ಮಂಥ ದೊಡ್ಡವರಿಗೆ ಅಕ್ಷರ ಕಲಿಸಿದವರು ಅವರೇ. ನಾನು ನಲವತ್ತು ದಾಟಿದ ಮೇಲೆ 'ಅ' ಬರೆದದ್ದು ಅವರ ಮುಂದೆ.

"ಬರ್ರಿ ಮೆಹಬೂಬ್‌ಬೀ, ಬರ್ರಿ," ಎಂದು ಎದ್ದು ನಿಂತರು.

ದಾದೇಸಾಬ ಕೂರಲಿಲ್ಲ, ಕಿಸೆಯಿಂದ ನಕಲು ತೆಗೆದು ಅವರ ಕೈಗಿಟ್ಟ. "ಮಾಸ್ತರ, ನೀವು ಬರದ ಒಂದು ತಾರೀಖಿಗಿ ನನ್ನ ಮಗಳ ಬಾಳೇ ನಿಂತೈತ್ರಿ. ಯಾರನ್ನ ಕೇಳಿ ಬರದ್ರಿ ನೀವು?"

ಮಾಸ್ತರರು ಕನ್ನಡಕ ಹಾಕಿಕೊಂಡು ನಕಲು ಬಿಡಿಸಿದರು. ನಿಧಾನವಾಗಿ ಬೆರಳಿಟ್ಟು ಓದಿದರು. "ಆಗ ತಾರೀಖು ಗೊತ್ತಿಲ್ಲದ ಹುಡುಗರಿಗೆಲ್ಲ ಜೂನ್ ಒಂದ ಬರಿತಿದ್ವಿ. ಈ ಕ್ಲಾಸಿನ್ಯಾಗ ಹದಿನೇಳು ಹುಡುಗರು ಒಂದೇ ದಿನ ಹುಟ್ಯಾವ. ತಾರೀಖು ನಂದು, ಒಪ್ತೀನಿ. ವರ್ಷ ನಂದಲ್ಲ. ವರ್ಷ ಹೇಳಿದವ್ರು ಕೆಳಗ ಸಹಿ ಮಾಡ್ಯಾರ. ಓದಪಾ."

ದಾದೇಸಾಬ ಬಾಗಿ ನೋಡಿದ. ಗೆರೆ ಬಿಟ್ಟು ಕೆಳಗಿಳಿದ, ಒಂದಕ್ಕೊಂದು ತಾಗದ ಅಕ್ಷರಗಳಲ್ಲಿ ನನ್ನ ಹೆಸರಿತ್ತು. ಅದು ನಾನು ಹೆಬ್ಬೆಟ್ಟು ಒತ್ತದೆ ಮಾಡಿದ ಮೊದಲನೆಯ ಸಹಿ. ಸಹಿ ಮಾಡಿ ಆ ದಿನ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಯಾವುದಕ್ಕೆ ಸಹಿ ಮಾಡಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಅಮ್ಮಾ! ಇಷ್ಟು ದಿನ ಯಾಕ ಬಾಯಿ ಬಿಡಲಿಲ್ಲ ನೀ?"

ಆಗ ನನಗೆ ನಿಜವಾಗಿ ಸಿಟ್ಟು ಬಂತು. "ಬಿಟ್ಟಿದ್ದೆ. ಒಮ್ಮೆ ಸುಮ್ಕಿರಂದಿ. ಒಮ್ಮೆ ನಿನ್ನ ಹೆಂಡ್ತಿ ಚಾ ಕೊಟ್ಲು. ಇವತ್ತ ಬಸ್ಸಿನ್ಯಾಗ ನಿನ್ನ ತೋಳು ಜಗ್ಗಿ ಜಗ್ಗಿ ನನ್ನ ಬೆರಳು ನೋಯಾಕತ್ತಾವ. ಜಪಾನಿನವ್ರನ್ನ ಕೇಳ್ದಿ, ವಕೀಲನ್ನ ಕೇಳ್ದಿ, ಓಣಿಯವ್ರನ್ನ ಕೇಳ್ದಿ. ಮಕ್ಕಳನ್ನ ಶಾಲಿಗಿ ಕೈ ಹಿಡಕೊಂಡು ಹೋದಾಕಿನ್ನ ಕೇಳ್ದೇನು?"

ಮಾಹಿರಾ ನನ್ನ ಪಕ್ಕಕ್ಕೆ ಬಂದು ಕುಳಿತಳು. "ಈಗ ಕೇಳಾಕತ್ತೀನಿ ದಾದಿಮಾ. ಹೇಳು."

ಹೇಳಿದೆ. ಮಾಹಿರಾ ಸಿಂಧನೂರಿನ ಆಸ್ಪತ್ರೆಯಲ್ಲಿ ಹುಟ್ಟಿದವಳು, ಅವಳ ಕಾಗದ ಸರಿ. ಆಸೀಫ್ ಮರುವರ್ಷದ ಬೇಸಿಗೆಯಲ್ಲಿ ಹಳ್ಳಿಯ ಮನೆಯಲ್ಲೇ ಹುಟ್ಟಿದ, ಅವನಿಗೆ ಕಾಗದವಿರಲಿಲ್ಲ. ಮಾಹಿರಾಳನ್ನು ಶಾಲೆಗೆ ಹಾಕಿದಾಗ ಅವನಿಗೆ ನಾಲ್ಕು. ಅಕ್ಕನ ಹಿಂದೆ ಅಳುತ್ತ ಓಡಿ ಬಂದು ಶಾಲೆಯ ಬಾಗಿಲಲ್ಲಿ ಬಿದ್ದುಕೊಳ್ಳುತ್ತಿದ್ದ. ನಾನೂ ವಸೀಮಾಳೂ ಕಳೆ ತೆಗೆಯಲು ಹೋಗಬೇಕು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಅದಕ್ಕೆ ಐದು ಮುಗಿದಿದೆ ಎಂದು ಹೇಳಿದೆ.

"ಬ್ಯಾಡ್ರಿ, ಮುಂದ ತ್ರಾಸಾಗತೈತಿ ಅಂದಿದ್ದೆ ನಾನು," ಎಂದರು ಮಾಸ್ತರರು.

"ಒಂದು ವರ್ಷ ಏನು ಮಹಾ ಅಂದೆ," ಎಂದೆ ನಾನು.

ಮಾಸ್ತರರು ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟರು. ದಾದೇಸಾಬ ಪೆನ್ನು ತೆಗೆದು, "ಕೊಡು, ನಾ ಬರಿತೀನಿ, ನೀ ಹೇಳು," ಎಂದ. ಪೆನ್ನು ಮಾತ್ರ ಇಸಿದುಕೊಂಡೆ. ಸುಳ್ಳು ನನ್ನ ಕೈಯದು, ನಿಜವೂ ನನ್ನ ಕೈಯದೇ ಇರಲಿ.

ಒಂದು ಗಂಟೆ ಹಿಡಿಯಿತು. ಮಾಸ್ತರರು ನಡುನಡುವೆ ನೋಡಿದರೇ ಹೊರತು ತಿದ್ದಲಿಲ್ಲ. ಮುಗಿದ ಮೇಲೆ ಕೆಳಗೆ ತಾವೂ ಸಾಕ್ಷಿ ಹಾಕಿದರು. ಅಲ್ಲೇ ಲಿಂಗಸುಗೂರಿನಲ್ಲಿ ನೋಟರಿ ಸೀಲು ಹಾಕಿಸಿದೆವು. ವಾಪಸು ಬರುವಾಗ ಮಾಹಿರಾ ಬಸ್ಸಿನಲ್ಲೇ ಅದನ್ನು ಜಪಾನಿ ಭಾಷೆಗೆ ತಿರುಗಿಸುತ್ತ ಕುಳಿತಳು. ಮಸ್ಕಿ ದಾಟಿದ ಮೇಲೆ ತಲೆ ಎತ್ತಿ, "ದಾದಿಮಾ, ಒಂದು ವರ್ಷ ಏನು ಮಹಾ ಅನ್ನೋದನ್ನೂ ಹಾಕ್ಲೇನು?" ಎಂದಳು.

"ಬರದೀನಂದ ಮ್ಯಾಲ ಹಾಕು."

ಅದೇ ರಾತ್ರಿ ಮೊಬೈಲಿನಲ್ಲೇ ಶಾಲೆಗೆ ಕಳಿಸಿದಳು. ಹತ್ತೊಂಬತ್ತನೇ ತಾರೀಖು ಮಧ್ಯಾಹ್ನ ಉತ್ತರ ಬಂತು. ಮಾಹಿರಾ ಓದುತ್ತ ಓದುತ್ತ ಒಮ್ಮೆಲೇ ಚೀರಿದಳು. ವಸೀಮಾ ಹೆದರಿ ಓಡಿ ಬಂದಳು. ನೋಡಿದರೆ ಹುಡುಗಿ ನಗುತ್ತಿದ್ದಾಳೆ. ಅಜ್ಜಿಯ ಪತ್ರ ಓದಿದೆವು, ವಿವರಣೆ ಸಾಕು, ಕಾಗದಗಳನ್ನು ಮುಂದಿನ ಕಚೇರಿಗೆ ಕಳಿಸುತ್ತೇವೆ ಎಂದು ಬರೆದಿದ್ದರು. ಆಸೀಫ್ ಅಕ್ಕನ ತಲೆಗೆ ಮೊಟಕಿ, "ನಡಿ, ನಿನ್ನ ಸೀಟೂ ನನ್ನ ಹೆಸರೂ ಎರಡೂ ಉಳದ್ವು," ಎಂದ.

"ತಡಿಯೋ, ಇನ್ನೊಂದು ಗೆರಿ ಐತಿ," ಎಂದಳು ಅವಳು. "ಪತ್ರ ಬರೆದವರ ಜನ್ಮದಿನಾಂಕ ಬಿಟ್ಟುಹೋಗಿದೆ. ನಾಳೆಯೊಳಗೆ ತಿಳಿಸಿ."

ಎಲ್ಲರೂ ನನ್ನ ಕಡೆ ತಿರುಗಿದರು. ಈ ಸಲ ಯಾರೂ ಚಹಾ ತರಲಿಲ್ಲ.

"ಆಧಾರ್ ಕಾರ್ಡನ್ಯಾಗ ಜನವರಿ ಒಂದು ಐತಲ್ಲಮ್ಮಾ," ಎಂದ ದಾದೇಸಾಬ. "ಅದನ್ನ ಬರದು ಬಿಡೋಣ. ಒಂದು ತಾರೀಖು ಏನು..."

'ಮಹಾ' ಎನ್ನುವ ಮೊದಲೇ ಬಾಯಿ ಮುಚ್ಚಿಕೊಂಡ.

ಯಾ ಅಲ್ಲಾ, ಈ ಜಪಾನಿನವರಿಗೆ ಬೇರೆ ಕೆಲಸವಿಲ್ಲವೇ! ನಮ್ಮಮ್ಮ ಹೇಳಿದ್ದು ಇಷ್ಟೇ: ಜೋಳದ ತೆನೆ ಹಾಲು ತುಂಬಿದ್ದಾಗ, ಹಕ್ಕಿ ಓಡಿಸಲು ಹೋದಾಗ ಹೊಟ್ಟೆನೋವು ಬಂತು ಎಂದು. ಯಾವ ವರ್ಷದ ಜೋಳ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಾಹಿರಾಳಿಂದ ಹಾಳೆ ಇಸಿದುಕೊಂಡು ಬರೆದೆ: ಆಧಾರಿನಲ್ಲಿ ಜನವರಿ ಒಂದು ಇದೆ. ನಿಜವಾದದ್ದು ನನಗೆ ಗೊತ್ತಿಲ್ಲ. ಕೆಳಗೆ ಸಹಿ ಮಾಡಿದೆ. ಈ ಸಲ ಗೆರೆಯ ಮೇಲೇ ಕೂತಿತು.