ಒಂಬತ್ತು ಮೆಟ್ಟಿಲ ಲಂಗ

ಅನಸೂಯ ಹೊಲಿದಷ್ಟು ಅಗಲದ ಲಂಗವನ್ನು ಭೂಮಿ ಹುಟ್ಟಿದಾಗಿನಿಂದ ಯಾರೂ ಉಟ್ಟಿಲ್ಲ, ಇನ್ನು ಮುಂದೆ ಉಡುವುದೂ ಇಲ್ಲ. ಅದರ ಕೆಳಗೆ ಎರಡು ಕಾರು ಆರಾಮವಾಗಿ ನಿಲ್ಲುತ್ತಿದ್ದವು. ಮೂರನೆಯದನ್ನು ಸ್ವಲ್ಪ ಒತ್ತರಿಸಬೇಕಾಗುತ್ತಿತ್ತು, ಅಷ್ಟೆ. ಒಳಗೆ ಬಳೆಬಳೆಯಾಗಿ ಬೆತ್ತದ ಕಟ್ಟು, ಮೇಲೆ ಕೆಂಪು ರೇಷ್ಮೆ, ಸೊಂಟದಿಂದ ನೆಲದವರೆಗೆ ಒಂಬತ್ತು ಮೆಟ್ಟಿಲು. ಮೆಟ್ಟಿಲ ತುಂಬ ಗೊಂಬೆಗಳು: ಶೆಟ್ಟಿ, ಶೆಟ್ಟಮ್ಮ, ಅವರ ಬೇಳೆಕಾಳಿನ ಅಂಗಡಿ, ವಾಲಗದವರು, ಆನೆ, ಒಂಟೆ, ಪೈಲ್ವಾನರು, ಹಾವಾಡಿಗ. ಪ್ರತಿ ದಸರೆಗೆ ಏಪೆಕ್ಸ್ ಊರಿನ ತಮ್ಮ ಮನೆಯ ಹಾಲಿನಲ್ಲಿ ಕೂರುತ್ತಿದ್ದ ಗೊಂಬೆಗಳು ಈ ಸಲ ಅವಳ ಮೈಮೇಲೆಯೇ ಕೂತುಬಿಟ್ಟಿದ್ದವು.

“ಅಲ್ವೇ, ಇದು ನಮ್ಮ ಕಾರಲ್ಲಿ ಹಿಡಿಯತ್ತಾ?” ಅಂದ ಗಂಡ ರಾಜೀವ್, ಲಂಗದ ಆಚೆ ದಡದಿಂದ.

“ಟ್ರಕ್ ರೆಂಟ್ ಮಾಡ್ರೀ. ಲಂಗ ಹಿಂದ್ಗಡೆ ನಿಂತ್ಕೊಂಡು ಬರತ್ತೆ, ನಾವಿಬ್ರೂ ಮುಂದೆ ಕೂತ್ಕೊಂಡು ಹೋಗೋಣ.”

“ನಂಗಿಂತ ಅದಕ್ಕೇ ಜಾಸ್ತಿ ಲೆಗ್‌ರೂಮು.”

“ನೀವು ಹೊಲಿದಿದ್ರೆ ನಿಮಗೂ ಸಿಗ್ತಿತ್ತು.”

ಇಷ್ಟಕ್ಕೆಲ್ಲ ಕಾರಣ ಮಗಳು ಇಶಾ. ಷಾರ್ಲೆಟ್ ನಗರದ ಹೊರಗೆ, ಯಾವನೋ ಗಿರಣಿ ಸಾಹುಕಾರ ಕಟ್ಟಿಸಿದ ಹಳೇ ಮಹಲೊಂದು ಈಗ ಮ್ಯೂಸಿಯಂ ಆಗಿದೆ. ಅಲ್ಲಿ ಅವಳಿಗೆ ಹಂಗಾಮಿ ಕೆಲಸ. ವಿಕ್ಟೋರಿಯಾ ರಾಣಿಯ ಕಾಲದ ವೇಷದ ಕೂಟವೊಂದನ್ನು ಅವಳು ನಡೆಸಿಕೊಡಬೇಕು. ಅದು ಗೆದ್ದರೆ ಕೆಲಸ ಖಾಯಂ, ಸೋತರೆ ಮನೆಗೆ.

“ಆ ಡ್ಯೂಕು, ಡಚೆಸ್ಸುಗಳು ನಾರ್ಮಲ್ ಡ್ರೆಸ್‌ನಲ್ಲಿ ಬರ್ತಾ ಇರ್ಲಿಲ್ಲ ಅಮ್ಮ,” ಎಂದು ಇಶಾ ಫೋನಿನಲ್ಲಿ ವಿವರಿಸಿದ್ದಳು. “ಒಬ್ಳು ಜೇನುಗೂಡು. ಒಬ್ಳು ಎಲೆಕ್ಟ್ರಿಕ್ ಲೈಟ್. ಒಬ್ಳು ಈಜಿಪ್ಟ್ ಕ್ವೀನ್. ಸೋ ಕ್ರೇಜಿ!”

“ಹಾಗಾದ್ರೆ ನಾನು ಗೊಂಬೆ ಹಬ್ಬವಾಗಿ ಬರ್ತೀನಿ.”

“ನೋ ಅಮ್ಮ, ಪ್ಲೀಸ್! ಎಲ್ಲಾರೂ ಸ್ಟೇರ್ ಮಾಡ್ತಾರೆ. ಜಸ್ಟ್ ರೆಂಟ್ ಅ ಗೌನ್.”

ಜನ ನೋಡಲೆಂದೇ ಹುಟ್ಟಿದ ಹೆಂಗಸಿಗೆ ಹೀಗೆ ಹೇಳಿದರೆ ಏನಾಗುತ್ತದೋ ಅದೇ ಆಯಿತು. ಏಳು ಮೆಟ್ಟಿಲಿಗೆಂದು ಹೊರಟ ಲಂಗಕ್ಕೆ ಇನ್ನೆರಡು ಮೆಟ್ಟಿಲು ಬಂದವು.

ಶನಿವಾರ ಸಂಜೆ ಮಹಲಿನ ಜೋಡಿ ಬಾಗಿಲನ್ನು ಪೂರಾ ತೆರೆದರೂ ಸಾಲದೆ ಅನಸೂಯ ಅಡ್ಡಡ್ಡ ನುಗ್ಗಿದಳು. ಬಾಗಿಲ ಚೌಕಟ್ಟು ಒಂದು ಸಲ ಉಸಿರು ಬಿಗಿಹಿಡಿಯಿತು. ಪಿಟೀಲಿನವನ ಕಮಾನು ಗಾಳಿಯಲ್ಲೇ ನಿಂತಿತು. ಸಭೆಗೆ ಸಭೆಯೇ ತಿರುಗಿತು. ಆಹಾ! ಅಂಬಾರಿ ಹೊತ್ತ ಆನೆಗೂ ಇಂಥ ಮರ್ಯಾದೆ ಸಿಕ್ಕಿರಲಾರದು.

ಆದರೆ ತಿರುಗಿದ ಸಭೆ ಹೇಗಿತ್ತು? ಬೂದು ಗೌನು, ಕಂದು ಗೌನು, ಮತ್ತೆ ಬೂದು ಗೌನು. ಗಂಡಸರೆಲ್ಲ ಕರೀ ಕೋಟು. ಯಾರೋ ತೀರಿಕೊಂಡ ಮನೆಗೆ ಬಂದವರಂತೆ ಗೋಡೆಗೆ ಒರಗಿ ನಿಂತಿದ್ದರು. ಇಶಾ ಕಿಟಕಿಯ ಪಕ್ಕ ತುಟಿ ಕಚ್ಚಿಕೊಂಡಿದ್ದಳು.

“ಏನೇ ಇದು? ಜೇನುಗೂಡು ಎಲ್ಲಿ? ಲೈಟು ಎಲ್ಲಿ?”

“ಎಲ್ಲಾರೂ ಕಾಲ್ ಮಾಡಿ ಕೇಳಿದ್ರು, ಏನ್ ಹಾಕ್ಬೇಕು ಅಂತ. ನಂಗೆ ಭಯ ಆಯ್ತು ಅಮ್ಮ. ಎನಿ ಓಲ್ಡ್ ಗೌನ್ ಈಸ್ ಫೈನ್ ಅಂತ ಹೇಳ್ಬಿಟ್ಟೆ.” ಇಶಾಳ ಕಣ್ಣು ತುಂಬಿತು. “ಮಾರ್ಗರೆಟ್ ಕೇಳಿದ್ರು, ಇದು ಫ್ಯಾನ್ಸಿ ಡ್ರೆಸ್ಸಾ ಅಥವಾ ಫ್ಯೂನರಲ್ಲಾ ಅಂತ. ಐ ಆಮ್ ಡನ್.”

ಮ್ಯೂಸಿಯಂನ ಯಜಮಾನಿ ಮಾರ್ಗರೆಟ್ ದೂರದಲ್ಲಿ ಕೈಕಟ್ಟಿ ನಿಂತಿದ್ದಳು. ಅವಳ ನೋಟಕ್ಕೆ ಮೇಜಿನ ಮೇಲಿನ ಐಸ್ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಅನಸೂಯ ತನ್ನ ಲಂಗವನ್ನೊಮ್ಮೆ ನೋಡಿಕೊಂಡಳು. ಹೀಗೇ ನಿಂತರೆ ಇಡೀ ಸಂಜೆ ತನ್ನದು. ಇಂಥ ಸಂಜೆ ಇನ್ನೊಂದು ಬರುವುದಿಲ್ಲ. ನಿಟ್ಟುಸಿರೊಂದನ್ನು ನುಂಗಿ, ಸೊಂಟದ ಪಕ್ಕದಿಂದ ಶೆಟ್ಟಿಯನ್ನು ಚರಕ್ಕನೆ ಕಿತ್ತಳು.

“ರೀ, ಕತ್ತರಿ ತನ್ನಿ! ಇಶಾ, ಅಳು ನಿಲ್ಸು, ಇಂಗ್ಲಿಷಲ್ಲಿ ಕೂಗು. ಒಬ್ಬೊಬ್ರಿಗೆ ಒಂದೊಂದು ಗೊಂಬೆ. ಕೈಗೆ ಯಾವ ಗೊಂಬೆ ಬರತ್ತೋ ಅವ್ರು ಅದೇ ಆಗ್ಬೇಕು!”

“ಅಮ್ಮ, ನಿನ್ನ ಲಂಗ…”

“ಕೂಗೇ!”

ಇಶಾ ಕುರ್ಚಿ ಹತ್ತಿ ಕೂಗಿದಳು. ಮೊದಲು ನಡುಗಿದ ದನಿ ಎರಡನೇ ಸಲಕ್ಕೆ ಜಾಡು ಹಿಡಿಯಿತು. ನಿವೃತ್ತ ಜಡ್ಜ್ ಒಬ್ಬರ ಕೈಗೆ ಶೆಟ್ಟಿ ಬಂದ, ಅವರ ಹೆಂಡತಿಗೆ ಶೆಟ್ಟಮ್ಮ. ಬ್ಯಾಂಕಿನ ಆರಡಿ ಆಸಾಮಿ ಹಾವಾಡಿಗನಾದ. ಅವನ ಟೈಯೇ ಹಾವಾಯಿತು. ಅನಸೂಯ ರೇಷ್ಮೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಎಸೆದಳು. ರಾಜೀವ್ ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಮೈಸೂರು ಪೇಟ ಸುತ್ತುತ್ತಿದ್ದ. ತನ್ನ ಮದುವೆಯಲ್ಲಿ ಮಾತ್ರ ಅವನಿಗೆ ಪೇಟ ಸುತ್ತಲು ಬಂದಿರಲಿಲ್ಲ. ಬೂದು ಗೌನುಗಳ ಮೇಲೆ ಕೆಂಪು ಸೆರಗು ಹಾರಾಡಿತು. ಆನೆ ಸಿಕ್ಕಿದವಳು ನಾಚಿಕೆ ಬಿಟ್ಟು ಘೀಳಿಟ್ಟಳು. ಅದು ಪಕ್ಕದ ರಾಜ್ಯ ವರ್ಜೀನಿಯಾದ ಗಡಿಯವರೆಗೆ ಕೇಳಿಸಿರಬೇಕು.

ಪಿಟೀಲು ಮತ್ತೆ ಶುರುವಾಯಿತು. ಜೋಡಿಗಳು ಸಾಲುಗಟ್ಟಿ ಕುಣಿದವು. ಉಳಿದದ್ದು ವಾಲಗದವನೊಬ್ಬ. ಅವನನ್ನು ಅನಸೂಯ ನೇರವಾಗಿ ಮಾರ್ಗರೆಟ್ ಕೈಗಿಟ್ಟಳು. ಅವಳು ಗೊಂಬೆಯ ಉಬ್ಬಿದ ಕೆನ್ನೆಯನ್ನು ನೋಡಿದಳು, ಸುತ್ತ ನೋಡಿದಳು, ತನ್ನ ಕೆನ್ನೆಯನ್ನೂ ಉಬ್ಬಿಸಿದಳು. ಸಾಲಿಗೆ ಸೇರುವ ಮೊದಲು ಇಶಾಳ ಹೆಗಲು ತಟ್ಟಿ, ಬರುವ ವರ್ಷದ ಕೂಟದ ಬಗ್ಗೆ ಸೋಮವಾರ ಕೂತು ಮಾತಾಡೋಣ, ಖಾಯಂ ಆದವರಿಗೆ ಕಿಟಕಿಯಿರುವ ಕೋಣೆ ಕೊಡುವ ಪದ್ಧತಿಯಿದೆ ಎಂದಳು.

ಇಶಾ ಓಡಿಬಂದು ತಬ್ಬಿಕೊಂಡಳು. ಮಧ್ಯೆ ಬೆತ್ತದ ಬಳೆಗಳಿದ್ದುದರಿಂದ ಕೈಗಳು ಅರ್ಧಕ್ಕೇ ನಿಂತವು. ಬಳೆಗಳೊಳಗೆ ಅಮ್ಮನ ಸಾದಾ ಕಾಟನ್ ಸೀರೆ ಕಾಣುತ್ತಿತ್ತು.

“ಅಮ್ಮ, ಸಾರಿ. ನಿನ್ನ ಕಾಸ್ಟ್ಯೂಮ್ ಎಲ್ಲಾ ಹೋಯ್ತು.”

“ಹೋಗೋದೆಲ್ಲಿಗೆ? ಹಾಲ್ ತುಂಬಾ ಕುಣೀತಿದೆ, ನೋಡು. ಏಯ್ ಶೆಟ್ರೇ, ಪೇಟ ಬಿಚ್ಚೋಯ್ತು, ನಿಲ್ಲಿ!”

ಕನ್ನಡದ ಒಂದಕ್ಷರ ಬಾರದ ಜಡ್ಜ್ ಸಾಹೇಬರು ನಿಂತಲ್ಲೇ ನಿಂತು ತಲೆ ಬಗ್ಗಿಸಿದರು.