ಕುರಿಗೆ ಹೇಳುವ ಮಾತು

ಮೈಲಪ್ಪ ಪಂಚಾಯ್ತಿ ಟಿವಿಯ ಗಾಜನ್ನು ಹೆಗಲ ವಸ್ತ್ರದಿಂದ ಒರೆಸುತ್ತಾನೆ, ಧೂಳು ಹೋದ ಕಡೆ ಮಾಳಮ್ಮನಿಗೆ ತನ್ನ ಮುಖ ಕಂಡ ಹಾಗಾಯಿತು, ಇನ್ನೂ ಹಚ್ಚಿಲ್ಲ, ಗಾಜು ಬರೀ ಕಪ್ಪು, ಆದರೂ ಕಂಡಿತು — ಮುಂದ ಬರ್ರಿ ಅಕ್ಕಾರ, ಕುರ್ಚಿ ಹಾಕೀನಿ, ಟಿವಿ ಹೀರೋಯಿನ್ನು ನೆಲದಾಗ ಕುಂತ್ರ ನಮ್ಮ ಚಿಗಟೇರಿ ಊರ ಮಾನ ಏನಾಗಬೇಕು, ಇರಲಿ ಬಿಡಪ್ಪ, ಇಲ್ಲೇ ಅತ್ತಿ ಮಗ್ಗಲ ಕುಂದುರತೀನಿ, ಕುಂತೇಬಿಟ್ಟಳು. ತಿಪ್ಪೇರುದ್ರಮ್ಮ ಸರಿಯಲಿಲ್ಲ, ತಾಯಿಲ್ಲದ ಈ ಕೂಸನ್ನು ಕಂಬಳಿಯಲ್ಲಿ ಸುತ್ತಿ ಸಾಕಿದ ಸೋದರತ್ತೆ, ಎಲೆ ಅಡಿಕೆಯ ಕೆಂಪು ತುಟಿ ಬಿಗಿ ಮುಚ್ಚಿದೆ, ಆ ತುಟಿಯ ಮಾತನ್ನೇ ಅಲ್ಲವೇ ಕೇಳದೆ ಕದ್ದು ಬೆಂಗಳೂರಿಗೆ ಒಯ್ದದ್ದು, ಕದ್ದದ್ದೇನು, ಹೌದು ಕದ್ದದ್ದೇ, ಒಪ್ಪಿಕೋ ಮಾಳಿ, ಮೈಲಾರಲಿಂಗ ನೋಡ್ತಾನ. ಊರಿಗೆಲ್ಲಾ ಲೇ ಅನ್ನುವ ಅತ್ತೆ ಕುರಿಗೆ ಮಾತ್ರ ಬರ್ರಿ ಹೋಗ್ರಿ ಅನ್ನುತ್ತಿದ್ದಳು, ಕಂಡವರ ಜೋಳಕ್ಕೆ ಬಾಯಿ ಹಾಕಿದ ಟಗರಿಗೆ, ಬೀಗರ, ಉಂಡದ್ದು ಸಾಕು, ಕೈ ತೊಳಕೊಳ್ರಿ — ಮತ್ತೆ ಬೆಂಗಳೂರಿನ ಆ ಸ್ಟುಡಿಯೋ, ಮಾಳಿ ಎಲ್ಲರಿಗಿಂತ ಮೊದಲು ಹೋಗೋದು, ಒಂದಕ್ಷರ ತಪ್ಪದ ಬಾಯಿಪಾಠ, ಆದರೂ ಯಾರೂ ಊಟಕ್ಕೆ ಕರೆಯರು, ಆಕೆಗೆ ಕೆಲಸ ಬಿಟ್ಟರೆ ಮನುಷ್ಯರು ಬೇಕಿಲ್ಲ ಅನ್ನುವರು, ಗೋಡೆಗೆ ಮುಖ ಮಾಡಿ ಬುತ್ತಿ ಬಿಚ್ಚೋದು. ಧಾರಾವಾಹಿಯಲ್ಲಿ ಉಣ್ಣೆ ಸಂಘ ಕಟ್ಟುವ ಹೆಣ್ಣಿನ ಪಾತ್ರ, ಅರ್ಜಿ ನೋಡದೆ ಸಂಘದ ಹೋಳಿಗೆ ಹೊಡೆಯುವ ಸಾಹೇಬ ಎದುರಿಗೆ, ಬರೆದುಕೊಟ್ಟ ಮಾತು ಮರೆತೇ ಹೋಯಿತು, ಬಾಯಿಗೆ ಬಂದದ್ದು ಅತ್ತೆಯ ಮಾತು, ಬೀಗರ, ಉಂಡದ್ದು ಸಾಕು — ದೀಪ ಹಿಡಿದವನೂ ನಕ್ಕ, ಮಧ್ಯಾಹ್ನ ಚಾಪೆಯ ಮೇಲೆ ಜಾಗ ಬಿಟ್ಟರು, ಬಾರಮ್ಮ ಬೀಗಿತ್ತಿ, ಅವತ್ತಿನಿಂದ ಕೂಡಿ ಉಂಡಳು, ತನ್ನನ್ನು ನೋಡಿ ತಾನೇ ನಗುವುದನ್ನು ಕಲಿತಳು, ಅವರಿವರ ಮನೆಯ ಸುಖದುಃಖ ಕೇಳಿದಳು. ಅತ್ತೆ ಅದನ್ನೆಲ್ಲ ಎಲ್ಲಿ ನೋಡಬೇಕು, ಕುರಿ ಹಿಂದೆ ಅಡವಿ ತಿರುಗಿ ನಿನ್ನೆ ಬಂದವಳು, ಬಂದ ಕೂಡಲೇ ಯಾರೋ ಹೇಳ್ಯಾರ, ನಿನ್ನ ಅಣಕಿಸಿ ಹೆಸರು ತಗೊಂಡಾಳ ನಿನ್ನ ಸೊಸಿ. ಕೊಟ್ಟೂರು ಬಸ್ಸು ಇನ್ನೂ ನಿಂತೈತಿ, ಹತ್ತಿದರೆ ಮುಗೀತು, ಇಲ್ಲ, ಹತ್ತಲ್ಲ, ಟಿವಿಯಲ್ಲಿ ಆ ಮಾತು ಬರುವ ಮೊದಲೇ ಹೇಳಬೇಕು, ಹೇಳಿಯೇ ಬಿಟ್ಟಳು, ಅತ್ತಿ, ಅದರಾಗ ನಾ ಆಡೋ ಮಾತು ನಿಂದು, ಕೇಳಲಾರದ ತಗೊಂಡೀನಿ, ತಪ್ಪಾತು. ಅತ್ತೆ ತಿರುಗಲಿಲ್ಲ, ನನ್ನ ಯಾಕ ಕೇಳ್ತಿ ಲೇ, ಕುರಿ ಕೇಳಬೇಕಿತ್ತು, ಅವಕ್ಕ ಹೇಳಿದ ಮಾತದು. ಟಿವಿ ನೋಡಲು ಹಿಂದೆ ಕುಂತ ಹೆಂಗಸರು ಕಿಸಕ್ಕೆಂದರು, ಅತ್ತೆ ನಗಲಿಲ್ಲ, ತುಟಿ ಮತ್ತೆ ಮುಚ್ಚಿತು, ಸಿಟ್ಟೇನೋ, ಇರಲಿ, ಬೈದರೂ ಮಗ್ಗಲಲ್ಲೇ ಕುಂತು ಬೈಸಿಕೊಳ್ಳುವುದು, ಏಳುವ ಮಾತಿಲ್ಲ — ಟಿವಿ ಹತ್ತಿತು, ಸಾಹೇಬ ಎರಡನೆಯ ಹೋಳಿಗೆಗೆ ಕೈ ಹಾಕಿದ, ಗಾಜಿನೊಳಗಿನ ಮಾಳಮ್ಮ ಸೆರಗು ಸಿಗಿಸುತ್ತಾಳೆ, ನೆಲದ ಮಾಳಮ್ಮ ಅತ್ತ ನೋಡಳು, ಅತ್ತೆಯ ತುಟಿಯನ್ನೇ ನೋಡುವಳು, ಸುಕ್ಕುಗಟ್ಟಿದ ಕೆಂಪು ತುಟಿ, ಅದು ಬಿಚ್ಚಿತು, ಅಲುಗಿತು, ಸದ್ದಿಲ್ಲದೆ ಬೀಗರ ಅಂದಿತು, ಉಂಡದ್ದು ಸಾಕು ಅಂದಿತು, ಟಿವಿಗಿಂತ ಒಂದು ಉಸಿರು ಮೊದಲೇ ಅಂದು, ಆಮೇಲೆ ಎಲ್ಲರೊಡನೆ ನಕ್ಕಿತು, ಆ ತುಟಿ, ಆ ಕೆಂಪು ತುಟಿ